ಪರ್ಲಿಯ ನಡಿಗೆ

"ಇವತ್ತು ಯಾವ ಸೀನು?" ಎಂದು ವೆಂಡೆಲ್ ಕೇಳಿದ. "ಕುದುರೆ ಲಾಯದ್ದು" ಅಂದುಬಿಟ್ಟಳು ಆರ್ಡಿತ್. ಸುಳ್ಳು ಇಷ್ಟು ಸಲೀಸಾಗಿ ನಾಲಗೆ ದಾಟಿತಲ್ಲ ಎಂದು ಅವಳಿಗೇ ಅಚ್ಚರಿ. ಒಂಬತ್ತು ಗಂಟೆಯವರೆಗೂ ಬಾಳುವ ಸುಳ್ಳಲ್ಲ ಇದು, ಸ್ಟುಡಿಯೋ ಗೇಟು ದಾಟಿ ಬಡಗಿಗಳ ಶೆಡ್ಡಿಗೆ ಹೋದ ಕೂಡಲೇ ಯಾರಾದರೂ ಅವನ ಕೈಗೆ ಚೀಟಿ ಕೊಟ್ಟು ಪಡಖಾನೆಯ ಸೆಟ್ಟಿಗೆ ಕಳಿಸುತ್ತಾರೆ, ಅದು ನಿನ್ನೆ ಸಂಜೆಯೇ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಆಡಿದ್ದಳು. ಕಾರು ಕಣಿವೆಯ ತಿರುವುಗಳನ್ನು ಏರುತ್ತಿತ್ತು. ಜೂನ್ ತಿಂಗಳ ಮಂಜು ಇನ್ನೂ ಗುಡ್ಡದ ನೆತ್ತಿ ಬಿಟ್ಟಿರಲಿಲ್ಲ. ಗಂಡ ಪಕ್ಕದ ಸೀಟಿನಲ್ಲಿ ಬಡಗಿಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೊಸ ಶಾಲೆಗೆ ಸೇರಿದ ಹುಡುಗನಂತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಗಡ್ಡ ನುಣ್ಣಗೆ ಬೋಳಿಸಿದ್ದ, ಕಿವಿಯ ಕೆಳಗೆ ಸೋಪಿನ ಒಂದು ಬಿಳಿ ಚುಕ್ಕೆ ಒಣಗಿತ್ತು. ಒರೆಸಲೇ ಎಂದುಕೊಂಡು ಕೈ ಎತ್ತದೆ ಸುಮ್ಮನಾದಳು. ಹದಿನೇಳು ತಿಂಗಳ ಹಿಂದೆ ಇದೇ ಸ್ಟುಡಿಯೋದಲ್ಲಿ, ತಾನೇ ಕಟ್ಟಿದ ಮೆಟ್ಟಿಲ ಮೇಲಿಂದ ಹಗಲು ಹನ್ನೊಂದಕ್ಕೆ ಕುಡಿದು ಬಿದ್ದು ಕೆಲಸ ಕಳೆದುಕೊಂಡವನು. ಆಮೇಲೆ ಮೂರು ತಿಂಗಳು ಆಸ್ಪತ್ರೆಯ ವಾರ್ಡು, ಅಲ್ಲಿಂದ ಈಚೆಗೆ ಹದಿನಾಲ್ಕು ತಿಂಗಳು ಒಂದು ತೊಟ್ಟೂ ಮುಟ್ಟಿಲ್ಲ. ಇವತ್ತು ಮತ್ತೆ ಮೊದಲ ದಿನ. "ಲಾಯ ಆದ್ರೆ ಬಾಗಿಲ ಕೀಲು ಕಿರುಗುಟ್ಟುತ್ತೆ ಅಂತ ಕರೀತಾರೆ," ಎಂದ. "ಆ ಕೀಲು ನಾನೇ ಹಾಕಿದ್ದು." ಆರ್ಡಿತ್ ಹೂಂ ಅಂದಳು.

ಸೆಟ್ಟಿನ ಸಾಮಾನು ನೋಡಿಕೊಳ್ಳುವ ಮ್ಯಾನಿ ಒಚೋವಾ ಆಗಲೇ ಸೆಟ್ಟಿನ ಹಿಂದೆ ಮದ್ಯ ಕಾಯಿಸುತ್ತಿದ್ದ. ದೊಡ್ಡ ಅಲ್ಯೂಮಿನಿಯಂ ಪಾತ್ರೆಯಲ್ಲಿ ಚಹಾ. ಒಳ್ಳೇ ವಿಸ್ಕಿಗೆ ತೆಳು ಡಿಕಾಕ್ಷನ್, ಅಗ್ಗದ್ದಕ್ಕೆ ಒಂದು ಹಿಡಿ ಸೊಪ್ಪು ಹೆಚ್ಚು. "ಬಾ ತಾಯಿ, ರುಚಿ ನೋಡು, ಕೆಂಟಕಿಯಿಂದ ಇವತ್ತೇ ಇಳಿದಿದ್ದು" ಎಂದು ಸೌಟು ಚಾಚಿದ. ದಿನವೂ ಹೇಳುವ ಮಾತು, ದಿನವೂ ಅವಳು ನಗುವಳು. ಇವತ್ತು ನಗು ಅರ್ಧಕ್ಕೇ ನಿಂತಿತು. ಕುತ್ತಿಗೆಯಲ್ಲಿ ಸ್ಟಾಪ್‌ವಾಚು, ತೊಡೆಯ ಮೇಲೆ ಸ್ಕ್ರಿಪ್ಟಿನ ಹಲಗೆ, ಕಿವಿಯ ಹಿಂದೆ ಎರಡು ಪೆನ್ಸಿಲು ಇಟ್ಟುಕೊಂಡು ಕ್ಯಾಮೆರಾದ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತಳು. ಹನ್ನೊಂದು ವರ್ಷದಿಂದ ಅವಳು ಮಾಡುತ್ತ ಬಂದ ಕೆಲಸ ಇದು, ಕಂಟಿನ್ಯುಟಿ. ಒಂದು ಶಾಟಿನಲ್ಲಿ ಗ್ಲಾಸು ಎಡಗೈಯಲ್ಲಿದ್ದರೆ ಮುಂದಿನದರಲ್ಲೂ ಎಡಗೈಯಲ್ಲೇ ಇರಬೇಕು. ಚಹಾ ಎರಡು ಬೆರಳಿನಷ್ಟಿದ್ದರೆ ಎರಡೇ ಬೆರಳು. ಯಾವ ಮಾತಿನ ಮೇಲೆ ಗುಟುಕು, ಯಾವ ಮಾತಿನ ಮೇಲೆ ಗ್ಲಾಸು ಕೆಳಗೆ, ಎಲ್ಲವನ್ನೂ ಬರೆದಿಡಬೇಕು. ಮನೆಯಲ್ಲಿ ಆ ದಿನಗಳಲ್ಲಿ ಹಿಟ್ಟಿನ ಡಬ್ಬದ ಹಿಂದೆ ಸಿಕ್ಕಿದ ಬಾಟಲಿಯ ಮೇಲೆ ಇದೇ ಪೆನ್ಸಿಲಿನಿಂದ ಕಾಣದ ಹಾಗೆ ಗೆರೆ ಎಳೆದಿಟ್ಟು, ಸಂಜೆ ಬಂದು ಗೆರೆ ಎಷ್ಟು ಮೇಲೆ ಉಳಿದಿದೆ ಎಂದು ನೋಡುತ್ತಿದ್ದಳು. ಎರಡೂ ಕೆಲಸ ಒಂದೇ ಕೈಯಿಂದ ಆಗುತ್ತಿತ್ತು. ಯಾವುದಕ್ಕೂ ಕೈ ನಡುಗಿರಲಿಲ್ಲ.

ಸ್ಯಾಂಡಿ ಫೋರ್ಕ್. ಟೀವಿ ಧಾರಾವಾಹಿಯೊಳಗಿನ, ಎಂಬತ್ತು ವರ್ಷದ ಹಿಂದಿನ, ಕುದುರೆ ಬಂದೂಕಿನ ಊರು. ಊರಿನ ಮುಂಭಾಗ ಮಾತ್ರ ಇತ್ತು, ಹಿಂದೆ ಆಸರೆಗೋಲು. ಪ್ರತಿ ಶನಿವಾರ ಸಂಜೆ ಏಳೂವರೆಗೆ ಇಡೀ ದೇಶ ಅದರ ಮುಂದೆ ಕೂರುತ್ತಿತ್ತು. ಈ ಊರಲ್ಲಿ ಎಷ್ಟು ಕುಡಿಯುತ್ತಾರಪ್ಪಾ ಎಂದು ಆರ್ಡಿತ್ ಒಂದೊಂದು ಸಲ ತನ್ನ ಹಾಳೆಗಳನ್ನು ತಿರುವಿ ಬೆರಗಾಗುತ್ತಿದ್ದಳು. ಗುಂಡು ತೆಗೆಯುವ ಮೊದಲು ವಿಸ್ಕಿ, ಗಾಯಕ್ಕೆ ವಿಸ್ಕಿ, ಸತ್ತವನ ಹೆಸರಲ್ಲಿ ವಿಸ್ಕಿ, ಇಸ್ಪೀಟಿಗೆ ಮೊದಲು, ಆಮೇಲೆ. ಶೆರಿಫ್ ಮಾತ್ರ ಒಂದೇ ಗುಟುಕು ಕುಡಿದು ಅರ್ಧ ಬಿಟ್ಟು ಹೋಗುತ್ತಾನೆ, ನಾಯಕನಿಗೆ ಬಾಯಾರಿಕೆ ಇರಬಾರದು. ಇಷ್ಟೆಲ್ಲ ಕುಡಿದರೂ ಯಾರಿಗೂ ವಾಂತಿಯಿಲ್ಲ. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಯಾರ ಬೆರಳೂ ನಡುಗುವುದಿಲ್ಲ. ಸ್ಯಾಂಡಿ ಫೋರ್ಕಿನಲ್ಲಿ ಯಾರೂ ಬಾಟಲಿ ಬಚ್ಚಿಡುವುದಿಲ್ಲ. ಕುಡುಕರಿಗೆ ಹೆಂಡತಿಯರೂ ಇಲ್ಲ, ಬರೆಯುವವರು ಬರೆದಿಲ್ಲ. ಧಾರಾವಾಹಿಗೆ ದುಡ್ಡು ಹಾಕುವ ಬಿಸ್ಕತ್ತು ಕಂಪನಿಯ ಪರವಾಗಿ ಪ್ರೂಯಿಟ್ ಎಂಬ ತೆಳು ಮೀಸೆಯ ಮನುಷ್ಯ ದಿನವೂ ಬಂದು ಮಡಚುವ ಕುರ್ಚಿಯಲ್ಲಿ ಕೂತು ಗುಟುಕು ಎಣಿಸುತ್ತಿದ್ದ. ಅವರದ್ದೊಂದು ಕಟ್ಟಳೆಯಿತ್ತು: ನಾಯಕನಿಗೆ ಕಂತಿಗೆ ಒಂದು ಗುಟುಕು, ಕುಡುಕನಿಗೆ ಮೂರು, ಮತ್ತು ಎರಡನೇ ಜಾಹೀರಾತಿಗೆ ಮೊದಲು ಕುಡುಕ ಬೇಜಾರು ಮಾಡಿಕೊಳ್ಳಕೂಡದು.

ಕುಡುಕ ಅಂದರೆ ಪರ್ಲಿ. ಕೆಲಸ ಹೋದ ತಂತಿಮಾಸ್ತರ. ಆ ಪಾತ್ರದ ಹಾಲಿಸ್ ಟ್ರೆಡ್‌ವೇ ಜೀವಮಾನದಲ್ಲಿ ಬಿಯರು ಮೂಸಿದವನೂ ಅಲ್ಲ, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವನು. ಎರಡೂವರೆ ವರ್ಷದ ಹಿಂದೆ, ಧಾರಾವಾಹಿ ಶುರುವಾದ ಹೊಸದರಲ್ಲಿ, ಅವನು ಮಾಡುತ್ತಿದ್ದುದು ಸರ್ಕಸ್ಸಿನ ಕುಡುಕ. ಬಿಕ್ಕಳಿಕೆ, ಮೆಳ್ಳೆಗಣ್ಣು, ಮೂಳೆಯಿಲ್ಲದ ಕಾಲು. ಎರಡು ಕಂತಿನ ಮೇಲೆ ಅವನನ್ನು ಕೈಬಿಡುವ ಮಾತು ನಡೆದಿತ್ತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಹಾಲಿಸ್ ಖಾಲಿ ಸೆಟ್ಟಿನಲ್ಲಿ ಒಬ್ಬನೇ ಎಡವುತ್ತ, ಮತ್ತೆ ಬಾಗಿಲಿಗೆ ಹೋಗಿ ಮತ್ತೆ ಎಡವುತ್ತ ಇದ್ದ. ಆರ್ಡಿತ್ ಸ್ಟೂಲಿನ ಮೇಲೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಅವಳನ್ನು ನೋಡಿ ನಾಚಿಕೊಂಡು, "ನಿಜವಾದ ಕುಡುಕರು ಹೇಗೆ ನಡೀತಾರೆ ಮೇಡಂ? ನಾನು ಹತ್ತಿರದಿಂದ ಒಬ್ಬರನ್ನೂ ನೋಡಿಲ್ಲ," ಎಂದು ಕೇಳಿದ್ದ. "ಕುಡುಕರು ತೂರಾಡಲ್ಲ ಮಿಸ್ಟರ್ ಟ್ರೆಡ್‌ವೇ, ತೂರಾಡದೆ ಇರೋದಕ್ಕೆ ನೋಡ್ತಾರೆ," ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿಟ್ಟು ಇಳಿದಳು, ಬಾಗಿಲಿನಿಂದ ಮದ್ಯ ಕೊಡುವ ಕಟ್ಟೆಯವರೆಗೆ ನಡೆದು ತೋರಿಸಿದಳು. ಚರ್ಚಿಗೆ ತಡವಾಗಿ ಬಂದವನ ಗಾಂಭೀರ್ಯ, ನೆಲ ನೋಡದೆ ನೆಲದ ಬಗ್ಗೆಯೇ ಯೋಚಿಸುವ ಹೆಜ್ಜೆ, ದಾರಿಯ ಪ್ರತಿ ಕುರ್ಚಿಯ ಬೆನ್ನಿಗೂ ಬೆರಳಿನ ಹಿಂಭಾಗ ತಾಗಿಸಿಕೊಂಡು ಹೋಗುವುದು, ಕೊನೆಗೆ ಟೋಪಿಯನ್ನು ಗೋಡೆಯ ಮೊಳೆಗೆ ಎರಡು ಸಲ ಗುರಿ ನೋಡಿ ನೇತುಹಾಕುವುದು. ಹಾಲಿಸ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಅಯ್ಯೋ ದೇವರೇ, ಬಂಗಾರ ಮೇಡಂ, ಬಂಗಾರ! ಯಾರದು ಇದು?" ಅವಳ ಬಾಯಿಂದ "ನಮ್ಮ ಚಿಕ್ಕಪ್ಪನದು" ಎಂದು ಬಂತು. ಅವಳಿಗೆ ಚಿಕ್ಕಪ್ಪನೇ ಇರಲಿಲ್ಲ.

ಅವಳನ್ನು ಇವತ್ತಿಗೂ ಕೊರೆಯುವುದು ಆ ಸುಳ್ಳಲ್ಲ, ಗಂಡನ ನಡಿಗೆಯನ್ನು ಪರರಿಗೆ ಕೊಟ್ಟದ್ದೂ ಅಷ್ಟಾಗಿ ಅಲ್ಲ. ಹಾಲಿಸ್ ನಕ್ಕಾಗ ತನ್ನ ಎದೆಯ ಮೇಲಿನ ಕಲ್ಲು ಜರುಗಿದಂತಾಗಿತ್ತಲ್ಲ, ಅದು. ಆ ಸಂಜೆ ಮನೆಯಲ್ಲಿ ವೆಂಡೆಲ್ ಅದೇ ಹೆಜ್ಜೆ ಹಾಕುತ್ತ ಬಂದಾಗ, ಸಿಂಕಿನ ಮುಂದೆ ಬೆನ್ನು ಹಾಕಿ ನಿಂತ ಅವಳಿಗೆ ಮೊದಲ ಸಲ ಅಳು ಬರುವ ಬದಲು ನಗು ಬಂದಿತ್ತು. ತುಟಿ ಕಚ್ಚಿಕೊಂಡಿದ್ದಳು. ಮುಂದಿನ ವಾರಗಳಲ್ಲಿ ಪರ್ಲಿಯ ನಡಿಗೆ ದೇಶದ ತುಂಬ ಹಬ್ಬಿತು. ಅಂಗಡಿಯಲ್ಲಿ ಮಕ್ಕಳು ಅದನ್ನೇ ನಡೆದು ತೋರಿಸುವರು, ಪತ್ರಿಕೆಯಲ್ಲಿ ಹಾಲಿಸ್‌ನ ಚಿತ್ರ ಬಂತು. ಹಗಲು ಶೆಡ್ಡು, ಶನಿವಾರ ಸಂಜೆ ಕುಡಿತ ಎಂದಿದ್ದ ವೆಂಡೆಲ್ ಅದನ್ನು ನೋಡಿರಲಿಲ್ಲ. ಅವನು ವಾರ್ಡಿನಿಂದ ಮನೆಗೆ ಬಂದ ಮೇಲೆ ಆರ್ಡಿತ್ ಟೀವಿಯ ಒಳಗಿನ, ಬಲ್ಬಿನಂಥ ಒಂದು ವಾಲ್ವನ್ನು ತೆಗೆದು ಮಶೀನು ಕೆಟ್ಟಿದೆ ಅಂದಳು. ಶನಿವಾರ ಸಂಜೆ ಅವನನ್ನು ತನ್ನ ತಂಗಿಯ ಮನೆಗೆ ಕರೆದೊಯ್ಯುವುದು ರೂಢಿಯಾಯಿತು. ತಂಗಿಯ ಮನೆಯಲ್ಲಿ ಟೀವಿ ಇಲ್ಲ. ಆ ತಂಗಿಯೋ ಬಾಯಿ ತೆರೆದರೆ ಮುಚ್ಚುವವಳಲ್ಲ. ಹದಿನಾಲ್ಕು ತಿಂಗಳು ಪ್ರತಿ ಶನಿವಾರ ಅವಳ ಹಲ್ಲುನೋವಿನ ಕಥೆಯನ್ನು ವೆಂಡೆಲ್ ತುಟಿಪಿಟಿಕ್ಕೆನ್ನದೆ ಕೇಳಿದ್ದ.

ಒಂಬತ್ತು ಗಂಟೆಯೂ ಆಗಿರಲಿಲ್ಲ. ಪಡಖಾನೆಯ ಕಟ್ಟೆಯ ಮುಂದಿನ ಹಿತ್ತಾಳೆ ಸರಳು ಅಲುಗುತ್ತಿದೆ ಎಂದು ಯಾರೋ ಕೂಗಿದರು, ಗೋಡೆಯ ಹಿಂದಿನಿಂದ ವೆಂಡೆಲ್ ಬಂದ. ಸೊಂಟಕ್ಕೆ ಚರ್ಮದ ಚೀಲ ಕಟ್ಟಿಕೊಂಡಿದ್ದ. ಅವಳನ್ನು ನೋಡಿ ನಿಂತ.

"ಲಾಯ ಅಂದಿದ್ದೆ?"

"ಬದಲಾಯಿಸಿದ್ರು," ಎಂದಳು. ಕೈ ತಾನಾಗಿ ಕಿವಿಯ ಹಿಂದಿನ ಪೆನ್ಸಿಲನ್ನು ಮುಟ್ಟಿ ನೋಡಿತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ.

"ಹೌದಾ," ಎಂದು ಮಂಡಿಯೂರಿ ಸರಳಿನ ತಿರುಪು ಬಿಗಿಯತೊಡಗಿದ. ಮ್ಯಾನಿ ಹಳೆಯ ಸ್ನೇಹಿತ. "ಏನಯ್ಯಾ ವೆಂಡೆಲ್, ಬಂದ್ಯಾ ಅಂತೂ!" ಎಂದು ಅಭ್ಯಾಸಬಲದಿಂದ ಕೈಯಲ್ಲಿದ್ದ ಗ್ಲಾಸನ್ನೇ ಮುಂದೆ ಹಿಡಿದುಬಿಟ್ಟ. ಸುತ್ತ ಇದ್ದ ನಾಲ್ಕು ಜನ ಒಮ್ಮೆಲೇ ಬೇರೆ ಬೇರೆ ದಿಕ್ಕಿಗೆ ನೋಡಿದರು. ಮ್ಯಾನಿಯ ಮುಖ ಕೆಂಪಾಯಿತು. "ಟೀನೇ ಮಾರಾಯ, ಬರೀ ಟೀ, ನನ್ನ ಅಮ್ಮನಾಣೆ." ವೆಂಡೆಲ್ ಗ್ಲಾಸು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ, ಮೂಸಿದ, ಒಂದು ಗುಟುಕು ಕುಡಿದ. "ಸಕ್ಕರೆ ಹಾಕಿಲ್ವಲ್ಲೋ," ಎಂದ. ಎಲ್ಲರೂ ಬೇಕಾದ್ದಕ್ಕಿಂತ ಜೋರಾಗಿ ನಕ್ಕರು. ಆರ್ಡಿತ್ ಹಾಳೆಯ ಮೇಲೆ ತಾರೀಖು ಬರೆದಳು. ಆಗಲೇ ಬರೆದಿತ್ತು.

ನಿರ್ದೇಶಕ ಗಿಲ್ ಫರ್ನೆಸ್ ಅವಸರದ ಮನುಷ್ಯ, ದಿನಕ್ಕೆ ಹದಿಮೂರು ಪುಟ ಮುಗಿಸಬೇಕು. "ಸುಮ್ನಿರ್ರೋ!" ಎಂದು ಕೂಗಿದ. ವೆಂಡೆಲ್ ಎದ್ದು ಗೋಡೆಯ ಹಲಗೆಯ ಹಿಂದೆ ಸರಿದು ನಿಂತ, ಅವಳಿಗೆ ಅವನ ಭುಜ ಮತ್ತು ಒಂದು ಕಿವಿ ಮಾತ್ರ ಕಾಣುತ್ತಿತ್ತು. ಕ್ಯಾಮೆರಾ ಓಡಿತು. ಬಾಗಿಲಿನ ಎರಡು ರೆಕ್ಕೆ ತಳ್ಳಿಕೊಂಡು ಪರ್ಲಿ ಒಳಗೆ ಬಂದ. ಚರ್ಚಿಗೆ ತಡವಾಗಿ ಬಂದವನ ಮುಖ. ಒಂದು ಹೆಜ್ಜೆ, ನೆಲದೊಡನೆ ಒಪ್ಪಂದ ಮಾಡಿಕೊಳ್ಳುವ ಹಾಗೆ ಇನ್ನೊಂದು. ಮೊದಲನೇ ಕುರ್ಚಿ. ದೀಪದ ಹಿಂದೆ ನಿಂತವರು ಬಾಯಿಗೆ ಕೈ ಅಡ್ಡ ಹಿಡಿದು ಕುಲುಕುತ್ತಿದ್ದರು. ಆರ್ಡಿತ್ ಪರ್ಲಿಯನ್ನು ನೋಡಲಿಲ್ಲ, ಆ ಒಂದು ಕಿವಿಯನ್ನು ನೋಡಿದಳು. ಕಿವಿ ಅಲುಗಲಿಲ್ಲ. ಟೋಪಿ ಎರಡನೇ ಗುರಿಗೆ ಮೊಳೆ ಹಿಡಿಯಿತು. "ಶೆರಿಫ್ ಸಾಹೇಬ್ರೆ," ಎಂದ ಪರ್ಲಿ, "ನಾನು ಕುಡಿಯೋದು ಬಿಟ್ಟುಬಿಟ್ಟೆ." "ಯಾವಾಗ?" "ಈ ಬಾಗಿಲು ದಾಟೋವಾಗ. ಈಗ ಮತ್ತೆ ಹಿಡ್ದೆ."

"ಕಟ್! ಚೆಂದ ಬಂತು," ಎಂದ ಫರ್ನೆಸ್. "ಇನ್ನೊಂದು, ಹತ್ತಿರದಿಂದ. ಆರ್ಡಿತ್, ಕುರ್ಚಿ ಮುಟ್ಟಿದ್ದು ಯಾವ ಕೈ?"

ಹಾಳೆ ನೋಡಿದಳು. ತಾರೀಖಿನ ಕೆಳಗೆ ಬೆಳ್ಳಗಿತ್ತು. ಹನ್ನೊಂದು ವರ್ಷದಲ್ಲಿ ಇಂಥದು ಆಗಿರಲಿಲ್ಲ. ಮಳೆ ದೃಶ್ಯದಲ್ಲಿ, ಜ್ವರದಲ್ಲಿ, ತಾಯಿ ಸತ್ತ ಮಾರನೇ ದಿನ, ಎಂದೂ ಅವಳ ಹಾಳೆ ಖಾಲಿ ಇದ್ದುದಿಲ್ಲ. "ಮೊದಲನೇದಕ್ಕೆ..." ಎಂದಳು. ನಲವತ್ತು ಜನ ಕಾಯುತ್ತಿದ್ದರು. ಪ್ರೂಯಿಟ್ ಕತ್ತು ಚಾಚಿ ಅವಳ ಹಾಳೆಯನ್ನು ನೋಡಿದ. "ಮೊದಲನೇದಕ್ಕೆ ಏನಮ್ಮಾ? ಹೊತ್ತಾಗ್ತಿದೆ," ಎಂದ ಫರ್ನೆಸ್.

"ಬಲಗೈ," ಎಂದಿತು ಗೋಡೆಯ ಹಲಗೆಯ ಹಿಂದಿನ ಧ್ವನಿ. "ಮೊದಲ್ನೇ ಕುರ್ಚಿಗೆ ಬಲಗೈ, ಬೆರಳಿನ ಹಿಂಭಾಗ. ಎರಡನೇದಕ್ಕೂ ಅದೇ. ಮೂರನೇದಕ್ಕೆ ಎಡಗೈ. ಅಷ್ಟೊತ್ತಿಗೆ ಟೋಪಿ ಬಲಗೈಗೆ ಬಂದಿರುತ್ತೆ."

"ಯಾರಪ್ಪಾ ಅದು?"

"ಬಡಗಿ."

"ಭೇಷ್! ಆರ್ಡಿತ್, ನಿನ್ನ ಕುರ್ಚಿ ಹೋಯ್ತು ನೋಡು." ಎಲ್ಲರೂ ನಕ್ಕರು. ಅವಳೂ ನಕ್ಕಳು, ಹಾಳೆಯ ಮೇಲೆ ಬಗ್ಗಿ ಬರೆದುಕೊಂಡಳು, ಬಲ, ಬಲ, ಎಡ. ಪೆನ್ಸಿಲಿನ ಮೊನೆ ಮುರಿಯಿತು. ಎರಡನೇ ಪೆನ್ಸಿಲು ತೆಗೆದಳು. ಅವನು ನೋಡಿ ಹೇಳಿದ್ದಲ್ಲ ಅದು, ಅವನು ನಿಂತ ಜಾಗದಿಂದ ಮೂರನೇ ಕುರ್ಚಿ ಕಾಣುವುದೇ ಇಲ್ಲ ಎಂಬುದು ಅವಳೊಬ್ಬಳಿಗೆ ಗೊತ್ತಿತ್ತು.

ದೀಪಗಳನ್ನು ಸರಿಸುತ್ತಿದ್ದ ಹೊತ್ತಿಗೆ ಹಾಲಿಸ್ ನೇರವಾಗಿ ವೆಂಡೆಲ್‌ನ ಹತ್ತಿರ ಹೋದ. ಆರ್ಡಿತ್ ಸ್ಟೂಲಿನಿಂದ ಇಳಿಯಲು ಕಾಲು ಚಾಚಿದಳು, ನೆಲ ಸಿಗಲಿಲ್ಲ, ಹಾಗೇ ಕೂತಳು. ಹಾಲಿಸ್‌ನದು ದೊಡ್ಡ ಗಂಟಲು, ಪಿಸುಮಾತೂ ಕೊನೆಯ ಸಾಲಿಗೆ ಕೇಳುವಂಥದು. "ನೀವು ಮಿಸೆಸ್ ಕೆಸಲ್ ಅವರ ಯಜಮಾನರಲ್ವೇ? ಈ ನಡಿಗೆ ನಿಮ್ಮ ಮನೆಯವರೇ ಕೊಟ್ಟಿದ್ದು ನನಗೆ. ಅವರ ಚಿಕ್ಕಪ್ಪನದಂತೆ. ಪಾಪ, ರೈಲಿಗೆ ಸಿಕ್ಕಿ ಹೋದರಂತಲ್ಲ. ನಿಮಗೆ ಪರಿಚಯ ಇತ್ತಾ?"

ವೆಂಡೆಲ್ ಹೆಂಡತಿಯ ಕಡೆ ತಿರುಗಲಿಲ್ಲ. "ಇತ್ತು," ಎಂದ. "ಚೆನ್ನಾಗಿ ಗೊತ್ತು."

"ಹೇಗಿದ್ದರು ಮನುಷ್ಯ?"

ವೆಂಡೆಲ್ ಸ್ವಲ್ಪ ಯೋಚಿಸಿದ. "ಕೈಕೆಲಸ ಒಳ್ಳೇದಿತ್ತು," ಎಂದ.

"ಒಂದು ಕೇಳ್ಲಾ? ಎರಡೂವರೆ ವರ್ಷದಿಂದ ಮಾಡ್ತಿದ್ದೀನಿ, ಇದೊಂದು ತಿಳಿದಿಲ್ಲ. ಆ ಕುರ್ಚಿ ಮುಟ್ಟೋದು ಯಾಕೆ? ಬೀಳದೆ ಇರೋದಕ್ಕಾ?"

"ಬೀಳದೆ ಇರೋದಕ್ಕಲ್ಲ. ಬೀಳೋ ಭಯ ಇದ್ರೆ ಗಟ್ಟಿಯಾಗಿ ಹಿಡ್ಕೋತಿದ್ದ. ಸದ್ದಾಗದೆ ಇರೋದಕ್ಕೆ. ಕುರ್ಚಿ ಎಲ್ಲಿದೆ ಅಂತ ಮೊದ್ಲೇ ಕೈಗೆ ಗೊತ್ತಾದ್ರೆ ಕಾಲು ತಾಗಲ್ಲ. ತಾಗಿದ್ರೆ ಸದ್ದಾಗುತ್ತೆ, ಒಳಗೆ ಹೆಂಡ್ತಿ ಇದ್ದಾಳೆ. ಇವತ್ತೊಂದಿನ ಅವಳಿಗೆ ಗೊತ್ತಾಗದೆ ಹೋಗ್ಲಿ ಅಂತ."

"ಥ್ಯಾಂಕ್ಸ್," ಎಂದು ಹಾಲಿಸ್ ಬಾಗಿಲಿನ ಆಚೆ ಹೋಗಿ ನಿಂತ.

ಎರಡನೇ ಟೇಕಿನಲ್ಲಿ ಅವನು ಅದೇ ಹೆಜ್ಜೆಯಿಟ್ಟ, ಅದೇ ಬಲ, ಬಲ, ಎಡ. ಆದರೆ ಈ ಸಲ ಅವನು ಎಲ್ಲೋ ಒಂದು ಕಡೆ ಕಿವಿಗೊಟ್ಟು ನಡೆಯುತ್ತಿದ್ದ. ಖಾಲಿ ಗೋಡೆಯ ಆಚೆ ಯಾರೋ ಇದ್ದಾರೆ, ಅವರಿಗೆ ಕೇಳಬಾರದು. ಎರಡನೇ ಕುರ್ಚಿಯ ಹತ್ತಿರ ಬೆರಳು ತಾಗಿಸಿ, ಉಸಿರು ಹಿಡಿದು, ಆಮೇಲೆ ಕಾಲೆತ್ತಿದ. ದೀಪದ ಹಿಂದೆ ಬಾಯಿಗೆ ಕೈ ಒಯ್ದವರು ಕೈಯನ್ನು ಹಾಗೇ ಇಳಿಸಿದರು. ಯಾರೋ ಕೆಮ್ಮಿದರು. ಟೋಪಿ ಮೊಳೆಗೆ ತಪ್ಪಿದಾಗ ಅದು ನೆಲಕ್ಕೆ ಬೀಳುವ ಮೊದಲು ಹಾಲಿಸ್ ಎರಡೂ ಕೈಯಿಂದ ಹಿಡಿದುಕೊಂಡ. ಅದನ್ನು ಆರ್ಡಿತ್ ಹೇಳಿಕೊಟ್ಟಿರಲಿಲ್ಲ. ಅದು ಅವಳಿಗೆ ಗೊತ್ತೇ ಇರಲಿಲ್ಲ.

"ಕಟ್," ಎಂದ ಫರ್ನೆಸ್. "ಏನಾಯ್ತೋ ಹಾಲಿಸ್? ಮನೇಲಿ ಯಾರಾದ್ರೂ ಸತ್ರಾ?"

ಪ್ರೂಯಿಟ್ ಎದ್ದು ನಿಂತಿದ್ದ. "ಮೊದಲನೇ ಜಾಹೀರಾತಿಗೆ ಇನ್ನೂ ನಾಲ್ಕು ನಿಮಿಷ ಇದೆ ಸ್ವಾಮಿ. ಇದನ್ನ ನೋಡಿದವರಿಗೆ ಗಂಟಲಲ್ಲಿ ಬಿಸ್ಕತ್ತು ಇಳಿಯುತ್ತಾ?"

"ಹಳೇದೇ ಮಾಡಪ್ಪಾ, ಚೆನ್ನಾಗಿದೆಯಲ್ಲ ಹಳೇದು."

ಹಾಲಿಸ್ ಹಲಗೆಯ ಕಡೆ ಒಮ್ಮೆ ನೋಡಿದ, ಕ್ಷಮೆ ಕೇಳುವ ಹಾಗೆ. ಹಳೆಯದನ್ನೇ ಮಾಡಿದ. ಮೂರನೇ ಟೇಕಿಗೆ ಎಲ್ಲರೂ ನಕ್ಕರು, ಸಮಾಧಾನಕ್ಕೆ ಎಂಬಂತೆ ಇನ್ನಷ್ಟು ನಕ್ಕರು. ಎರಡನೇ ಟೇಕಿನ ಎದುರು ಆರ್ಡಿತ್ 'ಬೇಡ' ಎಂದು ಬರೆಯಬೇಕಿತ್ತು, ಬರೆದಳು. ಪಕ್ಕದಲ್ಲಿ ಕಾಲ ನಮೂದಿಸಿದಳು. ಮೊದಲನೆಯದಕ್ಕಿಂತ ಒಂಬತ್ತು ಸೆಕೆಂಡು ಹೆಚ್ಚು. ತಲೆಯೆತ್ತಿದಾಗ ಹಲಗೆಯ ಹಿಂದೆ ಯಾರೂ ಇರಲಿಲ್ಲ. ಊಟದ ಹೊತ್ತಿಗೆ ಹುಡುಕಿದಳು. ಶೆಡ್ಡಿನಲ್ಲಿ ಗರಗಸದ ಸದ್ದು ಕೇಳುತ್ತಿತ್ತು. ಬಾಗಿಲವರೆಗೆ ಹೋಗಿ ವಾಪಸು ಬಂದಳು. ಮಧ್ಯಾಹ್ನವಿಡೀ ಎಲ್ಲವನ್ನೂ ಎರಡೆರಡು ಸಲ ಬರೆದಳು.

ಸಂಜೆ ಆರೂವರೆಗೆ ಹೊರಟರು. ಇಳಿಬಿಸಿಲು ಗಾಜಿಗೆ ನೇರ ಹೊಡೆಯುತ್ತಿತ್ತು. ಪೆಟ್ಟಿಗೆ ಹಿಂದಿನ ಸೀಟಿನಲ್ಲಿತ್ತು. ಸುಮಾರು ದೂರ ಬಂದ ಮೇಲೆ ವೆಂಡೆಲ್ ಕೇಳಿದ:

"ನಿನ್ನ ಚಿಕ್ಕಪ್ಪನಿಗೆ ಹೆಸರೇನಿಟ್ಟಿದ್ದೆ?"

"ಹೆಸರಿಟ್ಟಿರಲಿಲ್ಲ."

"ರೈಲಿಗೆ ಕೊಟ್ಯಲ್ಲೇ! ಮಲಗಿದ ಕಡೆ ಸಾಯಿಸಬಹುದಾಗಿತ್ತು."

ಅವಳು ನಗಬೇಕೋ ಬೇಡವೋ ತಿಳಿಯದೆ ಅವನ ಕಡೆ ನೋಡಿದಳು. ಅವನು ನಗುತ್ತಿರಲಿಲ್ಲ, ಸಿಟ್ಟೂ ಕಾಣಲಿಲ್ಲ. "ವೆಂಡೆಲ್, ನಾನು..." ಎಂದಳು.

"ನಾನು ಮೊದ್ಲೇ ನೋಡಿದ್ದೆ," ಎಂದ ಅವನು. "ವಾರ್ಡಲ್ಲಿ ಶನಿವಾರ ಟೀವಿ ಹಾಕ್ತಿದ್ರು. ಹನ್ನೊಂದು ಜನ ನಾವು. ಬಿಳೀ ಅಂಗಿ ಹಾಕ್ಕೊಂಡು ಸಾಲಾಗಿ ಕೂತಿರ್ತಿದ್ವಿ, ಎಲ್ಲಾ ಕುಡುಕರೇ. ಆ ಪರ್ಲಿ ಬಂದ ಅಂದ್ರೆ ನಗು ಅಂದ್ರೆ ನಗು. ನಾನೂ ನಕ್ಕೆ ಆರ್ಡಿ. ಕಣ್ಣಲ್ಲಿ ನೀರು ಬರೋಷ್ಟು ನಕ್ಕೆ. ಟೋಪಿ ಮೊಳೆಗೆ ಹಾಕೋದು ಬಂತು ನೋಡು, ಆವಾಗ ಗೊತ್ತಾಯ್ತು."

"ಏನು ಗೊತ್ತಾಯ್ತು?"

"ನೀನು ನೋಡ್ತಿದ್ದೆ ಅಂತ. ಯಾವಾಗ್ಲೂ ಬೆನ್ನು ಹಾಕ್ಕೊಂಡು ನಿಂತಿರ್ತಿದ್ದೆ. ಇವಳಿಗೆ ಕಾಣ್ಲಿಲ್ಲ, ಇವತ್ತೂ ಪಾರಾದೆ ಅಂದ್ಕೊಳ್ತಿದ್ದೆ ನಾನು."

"ಸಿಂಕಿನ ಮುಂದಿನ ಕಿಟಕಿ ಗಾಜಲ್ಲಿ ಕಾಣ್ತಿತ್ತು."

"ತೊಳೆದ ತಟ್ಟೇನೇ ಮತ್ತೆ ಮತ್ತೆ ತೊಳೀತಿದ್ದೆ ನೀನು."

"ಅದು ನಿನಗೆ ಗೊತ್ತಿತ್ತಾ?"

"ಕುಡ್ದಿದ್ದೆ. ಕುರುಡಾಗಿರಲಿಲ್ಲ."

ಎದುರಿನಿಂದ ಲಾರಿಯೊಂದು ಬಂದು ಗಾಳಿಗೆ ಕಾರನ್ನು ಅಲುಗಿಸಿ ಹೋಯಿತು. ಹದಿನೇಳು ತಿಂಗಳು ಇವನಿಗೆ ಗೊತ್ತಿತ್ತು. ತಂಗಿಯ ಹಲ್ಲುನೋವು ಕೇಳುತ್ತ ಕೂತಿದ್ದ ಅಷ್ಟೂ ಶನಿವಾರ ಗೊತ್ತಿತ್ತು. "ಯಾಕೆ ಕೇಳಲಿಲ್ಲ?" ಎಂದಳು. "ನೀನಾಗಿ ಹೇಳ್ತೀಯ ಅಂತ ಕಾದೆ," ಎಂದ. "ಆಮೇಲೆ ಕಾಯೋದೇ ರೂಢಿ ಆಗೋಯ್ತು." ಅವಳು ರಸ್ತೆಯನ್ನು ನೋಡುತ್ತಲೇ, ಯಾರೂ ಕೇಳದ ಆ ಒಂದನ್ನು ಹೇಳಿದಳು. ಹೇಳದಿದ್ದರೆ ನಡೆಯುತ್ತಿತ್ತು. "ನನಗೆ ಖುಷಿಯಾಗಿತ್ತು ವೆಂಡೆಲ್. ಅವತ್ತು ಹಾಲಿಸ್ ನಕ್ಕಾಗ. ತುಂಬಾ ಖುಷಿಯಾಗಿತ್ತು."

ಕಣಿವೆ ಇಳಿದು ಕಾರು ಬಯಲಿಗೆ ಬಂತು. ಪೆಟ್ರೋಲ್ ಬಂಕು, ಟೈರಿನ ಅಂಗಡಿ, ಮತ್ತೆ ಪೆಟ್ರೋಲ್ ಬಂಕು. ಅವನ ಕೈ ತೊಡೆಯ ಮೇಲೆ ಮುಚ್ಚಿ ತೆರೆಯುತ್ತಿತ್ತು.

"ಇಲ್ಲಿ ನಿಲ್ಸು," ಎಂದ.

ರಸ್ತೆಯ ಪಕ್ಕ ಎರಡು ಅಂಗಡಿ ಒತ್ತೊತ್ತಾಗಿ ನಿಂತಿದ್ದವು. ಒಂದು ತಗಡಿನ ಮಾಡಿನ ಹಣ್ಣಿನ ಅಂಗಡಿ, ಅದಕ್ಕಂಟಿಕೊಂಡು ಹಗಲಿನಲ್ಲೂ ನೀಲಿ ದೀಪ ಉರಿಯುವ ಬಾರು. ಅವಳು ನಿಲ್ಲಿಸಿದಳು. ಅವನು ಇಳಿದು ಬಾಗಿಲು ಹಾಕಿ ಹೋದ. ಮಧ್ಯದಲ್ಲಿ ಹಾಲಿನ ಲಾರಿಯೊಂದು ನಿಂತಿತ್ತು, ಅದರ ಹಿಂದೆ ಮರೆಯಾದ. ಯಾವ ಬಾಗಿಲಿಗೆ ಎಂಬುದು ಕಾಣಲಿಲ್ಲ. ಕತ್ತು ಎಷ್ಟು ಹೊರಳಿಸಿದರೂ ಲಾರಿಯ ಬಿಳೀ ಮೈ ಮಾತ್ರ. ಕೆಳಗಿಳಿದು ಹೋಗಿ ನೋಡಬಹುದಿತ್ತು. ಹೋದರೆ ಮತ್ತೆ ಬೆನ್ನ ಹಿಂದಿನಿಂದ ನೋಡಿದ ಹಾಗೆ. ಕೂತರೆ ಕೂತಿದ್ದಕ್ಕೂ ತಾನೇ ಹೊಣೆ. ಸ್ಟಾಪ್‌ವಾಚು ಇನ್ನೂ ಕುತ್ತಿಗೆಯಲ್ಲಿದೆ ಎಂದು ಆಗ ಗಮನಿಸಿದಳು. ಕೈ ಅದರ ಗುಂಡಿಯ ಮೇಲಿತ್ತು. ಕಳಚಿ ಡ್ಯಾಶ್‌ಬೋರ್ಡಿನ ಒಳಗೆ ಹಾಕಿ ಮುಚ್ಚಿದಳು. ಬಾರಿನ ಬಾಗಿಲು ಯಾರಿಗೋ ತೆರೆಯಿತು, ಒಂದು ಹಾಡಿನ ತುಣುಕು ಬಂತು, ಬಾಗಿಲು ಮುಚ್ಚಿತು. ಖುಷಿಯಾಗಿತ್ತು ಅಂತ ಯಾಕೆ ಹೇಳಬೇಕಿತ್ತು? ಹದಿನಾಲ್ಕು ತಿಂಗಳನ್ನು ಒಂದು ಮಾತಿನಲ್ಲಿ ಕಳೆದೆನೇ? ಕಾಲು ಕ್ಲಚ್ಚಿನ ಮೇಲೇ ಇತ್ತು.

ಲಾರಿಯ ಮುಂಭಾಗದಿಂದ ಅವನು ಬಂದ. ಕೈಯಲ್ಲಿ ಕಂದು ಕಾಗದದ ಚೀಲ, ಅದರ ಬಾಯಿ ತಿರುಚಿ ಹಿಡಿದಿದ್ದ. ಬಾಟಲಿಯನ್ನೂ ಹೀಗೇ ಸುತ್ತಿ ಕೊಡುತ್ತಾರೆ. ಆಮೇಲೆ ಅವಳ ಕಣ್ಣು ಚೀಲ ಬಿಟ್ಟು ಅವನ ಕಾಲಿಗೆ ಹೋಯಿತು. ಬಿಸಿಲಿಗೆ ಎದುರಾಗಿ ಬರುತ್ತಿದ್ದ, ಕಣ್ಣು ಕಿರಿದು ಮಾಡಿಕೊಂಡು. ಎಡ ಪಾದ ಸ್ವಲ್ಪ ಹೊರಗೆ ತಿರುಗುತ್ತಿತ್ತು. ಬಲಭುಜ ತುಸು ತಗ್ಗು. ಮೂರು ನಾಲ್ಕು ಹೆಜ್ಜೆಗೊಮ್ಮೆ ಯಾವುದೋ ಲೆಕ್ಕ ತಪ್ಪಿದವನಂತೆ ಒಂದು ಚಿಕ್ಕ ಹೆಜ್ಜೆ ಇಟ್ಟು ಮತ್ತೆ ಉದ್ದ ಹೆಜ್ಜೆಗೆ ಬರುತ್ತಿದ್ದ. ಅವನ ತಂದೆಯೂ ಹೀಗೇ ನಡೆಯುತ್ತಿದ್ದರೇನೋ. ಹತ್ತೊಂಬತ್ತು ವರ್ಷ ಈ ಮನುಷ್ಯನ ಜೊತೆ ಸಂಸಾರ ಮಾಡಿದ ಅವಳನ್ನು ಯಾರಾದರೂ ಇವನ ಮಾಮೂಲು ನಡಿಗೆ ತೋರಿಸು ಅಂದಿದ್ದರೆ ತೋರಿಸಲು ಬರುತ್ತಿರಲಿಲ್ಲ. ಅದನ್ನು ಅವಳು ನೋಡಿಯೇ ಇರಲಿಲ್ಲ.

ಅವನು ಒಳಗೆ ಕೂತು ಚೀಲವನ್ನು ಇಬ್ಬರ ನಡುವೆ ಇಟ್ಟು ಬಾಯಿ ಬಿಡಿಸಿದ. ಚೆರ್ರಿ ಹಣ್ಣು, ತೊಳೆದದ್ದು, ಕಾಗದ ಆಗಲೇ ಒದ್ದೆಯಾಗಿತ್ತು. ಒಂದನ್ನು ಬಾಯಿಗೆ ಹಾಕಿಕೊಂಡ. ಆಮೇಲೆ ಕಿವಿಗೊಟ್ಟು ಕೇಳಿದ.

"ಎಂಜಿನ್ ಆಫ್ ಮಾಡಿಲ್ವಾ?"

"ಮರ್ತೆ," ಎಂದಳು. ಎರಡು ಕಾರು ಹಾದುಹೋದವು. "ಮರೆತಿಲ್ಲ. ನೀನು ಆ ಬಾಗಿಲಿಗೆ ಹೋಗಿದ್ರೆ ಹೊರಟುಬಿಡೋಣ ಅಂತ ಇದ್ದೆ."

ವೆಂಡೆಲ್ ಬೀಜವನ್ನು ಅಂಗೈಗೆ ಉಗಿದು ಕಿಟಕಿಯಾಚೆ ಎಸೆದ.

"ಹೋಗಿದ್ರೆ ನೀನು ಹೊರಡಬೇಕಾಗಿತ್ತು," ಎಂದ.

ಅವಳು ಕೀಲಿ ತಿರುಗಿಸಿದಳು. ಎಂಜಿನ್ ನಿಂತಿತು. ಚೀಲದೊಳಗೆ ಕೈ ಹಾಕಿದಳು, ಹಣ್ಣು ತಣ್ಣಗಿದ್ದವು.